ಬ್ಯಾಂಕ್ ಖಾತೆಗೂ ಗುರುತಿನ ದಾಖಲೆಗಳಿಗೂ ಕಾವಲು: ಸಿಮ್‌ನಿಂದ ದೂರಿನವರೆಗೆ ಒಂದೊಂದೇ ಹಂತ

"ಒಟಿಪಿಯನ್ನು ಯಾರಿಗೂ ಹೇಳಬೇಡಿ" ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಒಟಿಪಿ ಹೇಳದಿದ್ದರೆ ಸಾಕು, ಖಾತೆ ಭದ್ರ ಎಂದೇ ಬಹಳ ಜನ ನಂಬಿಬಿಟ್ಟಿದ್ದಾರೆ. ಆ ಮಾತು ತಪ್ಪಲ್ಲ, ಆದರೆ ಅಷ್ಟೇ ಸಾಲದು. ಒಟಿಪಿಯನ್ನು ನಿಮ್ಮ ಬಾಯಿಂದ ಕೇಳಬೇಕಾದ ಅಗತ್ಯವೇ ಇಲ್ಲದ ದಾರಿಗಳು ವಂಚಕರಿಗೆ ಈಗ ಕನಿಷ್ಠ ಮೂರಿವೆ. ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆಯುವುದು ಒಂದು. ನಿಮ್ಮ ಫೋನಿಗೆ ಬರುವ ಸಂದೇಶಗಳನ್ನು ಗುಟ್ಟಾಗಿ ತಮಗೆ ರವಾನಿಸುವ ಆ್ಯಪ್ ಒಂದನ್ನು ನಿಮ್ಮ ಕೈಯಿಂದಲೇ ಹಾಕಿಸುವುದು ಇನ್ನೊಂದು. ಒಟಿಪಿಯೇ ಬೇಕಿಲ್ಲದ, ಬೆರಳಚ್ಚು ಒತ್ತಿದರೆ ಸಾಕಾಗುವ ಆಧಾರ್ ಪಾವತಿ ವ್ಯವಸ್ಥೆಯನ್ನು ದುರುಪಯೋಗಪಡಿಸಿಕೊಳ್ಳುವುದು ಮೂರನೆಯದು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬ್ಯಾಂಕ್ ಖಾತೆಯಿಂದ ಆರಂಭಿಸದೆ, ಖಾತೆಯ ಬೀಗದ ಕೈಗಳು ಎಲ್ಲೆಲ್ಲಿವೆಯೋ ಅಲ್ಲಿಂದ ಆರಂಭಿಸಲಾಗಿದೆ. ಯಾವುದೇ ಒಂದು ಕೈ ಕಳ್ಳನಿಗೆ ಸಿಕ್ಕಿದರೂ ಎಲ್ಲ ಬಾಗಿಲುಗಳೂ ತೆರೆಯಬಾರದು ಎಂಬುದೇ ಇಲ್ಲಿ ಹೇಳುವ ಪ್ರತಿಯೊಂದು ಹಂತದ ಉದ್ದೇಶ. ಎಲ್ಲವನ್ನೂ ಒಂದೇ ದಿನದಲ್ಲಿ ಮಾಡಿ ಮುಗಿಸಬೇಕಾಗಿಲ್ಲ. ಆದರೆ ಮೊದಲ ಮೂರು ಹಂತಗಳನ್ನು ಈ ವಾರವೇ ಮುಗಿಸುವುದು ಒಳ್ಳೆಯದು.

ಹಂತ 1: ಮೊಬೈಲ್ ಸಂಖ್ಯೆಯನ್ನು ಭದ್ರಪಡಿಸುವುದು

ಒಂದು ಹಾಳೆ ತೆಗೆದುಕೊಂಡು ನಿಮ್ಮ ಹೆಸರಿನಲ್ಲಿರುವ ಎಲ್ಲ ಬ್ಯಾಂಕ್ ಖಾತೆಗಳನ್ನೂ, ಆಧಾರ್ ಮತ್ತು ಪ್ಯಾನ್‌ಗಳನ್ನೂ ಬರೆದು, ಪ್ರತಿಯೊಂದರ ಎದುರಿಗೆ ಅಲ್ಲಿ ನೋಂದಾಯಿಸಿರುವ ಮೊಬೈಲ್ ಸಂಖ್ಯೆಯನ್ನು ನಮೂದಿಸಿ. ಹೆಚ್ಚಿನವರಿಗೆ ಇಲ್ಲೇ ಮೊದಲ ಅಚ್ಚರಿ ಕಾದಿರುತ್ತದೆ: ಹತ್ತು ವರ್ಷಗಳ ಹಿಂದೆ ಸಂಬಳಕ್ಕೆಂದು ತೆರೆದಿದ್ದ ಖಾತೆಗೆ, ಎಂದೋ ಬಿಟ್ಟುಬಿಟ್ಟ ಸಂಖ್ಯೆ ಇನ್ನೂ ಅಂಟಿಕೊಂಡಿರುತ್ತದೆ. ಸ್ಥಗಿತಗೊಂಡ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಗಳು 90 ದಿನಗಳ ಬಳಿಕ ಬೇರೊಬ್ಬ ಗ್ರಾಹಕರಿಗೆ ಕೊಡಬಹುದು. ಅಂದರೆ ನಿಮ್ಮ ಖಾತೆಯ ಸಂದೇಶಗಳು ಈಗ ಅಪರಿಚಿತರೊಬ್ಬರ ಫೋನಿಗೆ ಹೋಗುತ್ತಿರಬಹುದು. ಅಂತಹ ಖಾತೆಗಳಿದ್ದರೆ ಶಾಖೆಗೆ ಹೋಗಿ ಸಂಖ್ಯೆಯನ್ನು ಬದಲಾಯಿಸಿ. ಖಾತೆಯೇ ಬೇಡವಾಗಿದ್ದರೆ ಮುಚ್ಚಿಸಿ. ಮುಂದೆಯೂ ಯಾವುದೇ ಸಂಖ್ಯೆಯನ್ನು ಬಿಡುವ ಮೊದಲು ಈ ಹಾಳೆಯನ್ನೊಮ್ಮೆ ನೋಡುವ ಅಭ್ಯಾಸವಿರಲಿ.

ಬಳಿಕ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಪೋರ್ಟಲ್ ಅಥವಾ ಆ್ಯಪ್‌ಗೆ ಹೋಗಿ, ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ಪರಿಶೀಲಿಸಿ. 2023ರ ಮೇ ತಿಂಗಳಲ್ಲಿ ಆರಂಭವಾದ ಈ ಪೋರ್ಟಲ್‌ನಲ್ಲಿ ನಿಮ್ಮದಲ್ಲದ ಸಂಖ್ಯೆ ಕಂಡುಬಂದರೆ ಅಲ್ಲಿಯೇ ಗುರುತು ಮಾಡಿ ವರದಿ ಸಲ್ಲಿಸಬಹುದು. ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಿಮ್‌ಗಳಿಗೆ ಮಾತ್ರ ಅವಕಾಶವಿದೆ. ಜಮ್ಮು ಕಾಶ್ಮೀರ, ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳಲ್ಲಿ ಈ ಮಿತಿ 6. ನಿಮ್ಮ ದಾಖಲೆ ಕೊಟ್ಟು ಬೇರೆ ಯಾರೋ ಪಡೆದ ಸಿಮ್‌ನಿಂದ ವಂಚನೆ ನಡೆದರೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ ಎಂಬುದನ್ನು ನೆನಪಿಟ್ಟರೆ ಈ ಐದು ನಿಮಿಷಗಳ ಕೆಲಸವನ್ನು ಯಾರೂ ಮುಂದೂಡಲಾರರು.

ಬದಲಿ ಸಿಮ್ ವಂಚನೆಯಲ್ಲಿ ನಿಮ್ಮ ದಾಖಲೆಗಳ ನಕಲು ಬಳಸಿ, "ಸಿಮ್ ಕಳೆದುಹೋಗಿದೆ" ಎಂದು ಹೇಳಿ, ನಿಮ್ಮ ಸಂಖ್ಯೆಯ ಹೊಸ ಸಿಮ್ ಅಥವಾ ಇ-ಸಿಮ್ ಪಡೆಯುತ್ತಾರೆ. ಹೊಸತು ಚಾಲನೆಗೆ ಬಂದ ಕ್ಷಣವೇ ನಿಮ್ಮ ಕೈಯಲ್ಲಿರುವ ಫೋನಿನ ಸಿಗ್ನಲ್ ಸತ್ತುಹೋಗುತ್ತದೆ. ಈ ಬಗೆಯ ವಂಚನೆಗೆ ತಡೆ ಹಾಕಲೆಂದೇ ಸಿಮ್ ಬದಲಾದ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ. 2024ರ ಜುಲೈ 1ರಿಂದ, ಸಿಮ್ ಬದಲಾಗಿ ಏಳು ದಿನ ಕಳೆಯುವವರೆಗೆ ಆ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಬರುವುದಿಲ್ಲ. ಆ 24 ಗಂಟೆ ನಿಮಗೆ ಸಿಕ್ಕಿರುವ ಕಾಲಾವಕಾಶ. ಅಕ್ಕಪಕ್ಕದವರ ಫೋನುಗಳಲ್ಲಿ ಅದೇ ಕಂಪನಿಯ ಸಿಗ್ನಲ್ ಇದ್ದು, ನಿಮ್ಮ ಫೋನಿನಲ್ಲಿ ಮಾತ್ರ ಇಲ್ಲವಾದರೆ, ಒಮ್ಮೆ ಫೋನನ್ನು ಆರಿಸಿ ಮತ್ತೆ ಹಚ್ಚಿ ನೋಡಿ. ಆಗಲೂ ಬಾರದಿದ್ದರೆ "ನೆಟ್‌ವರ್ಕ್ ತೊಂದರೆ ಇರಬೇಕು, ನಾಳೆ ನೋಡೋಣ" ಎಂದುಕೊಳ್ಳದೆ, ಬೇರೆಯವರ ಫೋನಿನಿಂದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಸಿಮ್ ಬದಲಿಸುವ ಕೋರಿಕೆ ಏನಾದರೂ ಬಂದಿದೆಯೇ ಎಂದು ವಿಚಾರಿಸಿ.

ಫೋನೇ ಕಳುವಾದಾಗ, ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಒಟಿಪಿ ಪಡೆಯುವುದನ್ನು ತಪ್ಪಿಸಲು ಸಿಮ್‌ಗೊಂದು ಪಿನ್ ಹಾಕಿಡುವುದು ಉತ್ತಮ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಲಾಕ್' ಎಂಬ ಆಯ್ಕೆಯಿರುತ್ತದೆ. ಆದರೆ ಮೊದಲಿಗೆ ಇರುವ ಪಿನ್ ಯಾವುದೆಂದು ಕಂಪನಿಯಿಂದ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ಊಹಿಸಿ ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಬಂದಾಗುತ್ತದೆ, ಮತ್ತೆ ತೆರೆಯಲು ಕಂಪನಿ ಕೊಡುವ ಪಿಯುಕೆ ಎಂಬ ಸಂಖ್ಯೆ ಬೇಕಾಗುತ್ತದೆ. ಕಳುವಾದ ಫೋನನ್ನು ಯಾವ ಸಿಮ್ ಹಾಕಿದರೂ ಕೆಲಸ ಮಾಡದಂತೆ ತಡೆಯುವ ಸೌಲಭ್ಯವೂ ಸಂಚಾರ್ ಸಾಥಿಯಲ್ಲೇ ಇದೆ. ಅದಕ್ಕೆ ಫೋನಿನ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ ಬೇಕು. ಈಗಲೇ ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್, ಅಂದರೆ *#06# ಒತ್ತಿ, ಕಾಣಿಸುವ ಸಂಖ್ಯೆಯನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

ಇನ್ನೊಂದು ಸಣ್ಣ ಬಾಗಿಲು ಕರೆ ವರ್ಗಾವಣೆಯದು. ಕೊರಿಯರ್‌ನವರೆಂದು ಹೇಳಿಕೊಂಡು "ಡೆಲಿವರಿಯವರ ಜೊತೆ ಮಾತಾಡಲು *21* ಒತ್ತಿ, ಮುಂದೆ ಈ ಸಂಖ್ಯೆ ಹಾಕಿ" ಎನ್ನುತ್ತಾರೆ. ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ, ಧ್ವನಿಯ ಮೂಲಕ ಬರುವ ಒಟಿಪಿಯೂ ಸೇರಿ, ಅವರಿಗೆ ಹೋಗುತ್ತವೆ. ನಿಮ್ಮ ಕರೆಗಳು ಎಲ್ಲಿಗಾದರೂ ವರ್ಗಾವಣೆಯಾಗುತ್ತಿವೆಯೇ ಎಂದು ನೋಡಲು *#21# ಒತ್ತಿ. ಎಲ್ಲವನ್ನೂ ರದ್ದುಗೊಳಿಸಲು ##002# ಒತ್ತಿ.

ಹಂತ 2: ಫೋನಿನೊಳಗೆ ಬೇಡದವರನ್ನು ಬಿಟ್ಟುಕೊಳ್ಳದಿರುವುದು

ನಮ್ಮ ಬಂಧುವೊಬ್ಬರಿಗೆ ಒಂದು ಬೆಳಿಗ್ಗೆ, ಅವರದೇ ಗಾಡಿಯ ನೋಂದಣಿ ಸಂಖ್ಯೆಯನ್ನು ಹೊತ್ತ ವಾಟ್ಸ್ಆ್ಯಪ್ ಸಂದೇಶ ಬಂದಿತ್ತು: ಸಿಗ್ನಲ್ ಉಲ್ಲಂಘನೆಯ ದಂಡ ಬಾಕಿಯಿದೆ, ಚಿತ್ರ ನೋಡಲು ಇದನ್ನು ತೆರೆಯಿರಿ. ಕೆಳಗೆ ಒಂದು ಕಡತ. ಹೆಸರು 'ಚಲನ್', ಕೊನೆಯಲ್ಲಿ ಡಾಟ್ ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ. ಒತ್ತಿದಾಗ ಫೋನೇ ಎಚ್ಚರಿಸಿತು, ಅಪರಿಚಿತ ಮೂಲದ ಆ್ಯಪ್ ಇದು ಎಂದು. ಅವರು 'ಅನುಮತಿಸಿ' ಎಂಬುದನ್ನು ಒತ್ತಿದರು. ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟರು. ಆಮೇಲೆ ಪರದೆ ಖಾಲಿಯಾಯಿತು, ಏನೂ ಕಾಣಿಸಲಿಲ್ಲ, 'ಕೆಟ್ಟ ಲಿಂಕ್' ಎಂದುಕೊಂಡು ಸುಮ್ಮನಾದರು. ಮಧ್ಯರಾತ್ರಿ ದಾಟಿದ ಮೇಲೆ ಹಣ ಹೋಗಿತ್ತು. ಒಟಿಪಿ ಬಂದದ್ದಾಗಲಿ, ಹಣ ಕಡಿತವಾದ ಸಂದೇಶವಾಗಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಆ ಆ್ಯಪ್ ಅವುಗಳನ್ನು ಸಾಗಿಸಿ ಅಳಿಸಿಹಾಕಿತ್ತು.

ಇದರಲ್ಲಿ ಗಮನಿಸಬೇಕಾದದ್ದು ಸಂದೇಶದ ವಿಷಯವನ್ನಲ್ಲ. ದಂಡ, ಮದುವೆಯ ಕರೆಯೋಲೆ, ಕೆವೈಸಿ, ಸಹಾಯಧನ, ವಿದ್ಯುತ್ ಬಿಲ್ಲು ಎಂದು ವೇಷ ಬದಲಾಗುತ್ತಲೇ ಇರುತ್ತದೆ. ಬದಲಾಗದೆ ಉಳಿಯುವುದು ಆ ಎಪಿಕೆ ಎಂಬ ಬಾಲ. ಮಗನೇ ಕಳುಹಿಸಿದರೂ ಎಪಿಕೆ ಕಡತವನ್ನು ತೆರೆಯಬಾರದು, ಏಕೆಂದರೆ ಮಗನ ಫೋನಿಗೆ ಹೊಕ್ಕ ಆ್ಯಪ್ ಅವನ ಸಂಪರ್ಕ ಪಟ್ಟಿಗೆಲ್ಲ ತಾನಾಗಿ ಅದನ್ನು ಕಳುಹಿಸಿರಬಹುದು. ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಮಾತ್ರ ಪಡೆಯಿರಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಪರಿಚಿತ ಆ್ಯಪ್‌ಗಳನ್ನು ಸ್ಥಾಪಿಸುವ' ಅನುಮತಿ ಯಾವ ಆ್ಯಪ್‌ಗೂ ಇಲ್ಲದಂತೆ ನೋಡಿಕೊಳ್ಳಿ. ಅಲ್ಲಿಯೇ ಎಸ್‌ಎಂಎಸ್ ಅನುಮತಿ ಯಾವ ಯಾವ ಆ್ಯಪ್‌ಗಳಿಗಿದೆ ಎಂಬ ಪಟ್ಟಿಯನ್ನೂ ತೆರೆದು ನೋಡಿ. ಟಾರ್ಚ್ ಆ್ಯಪ್‌ಗೆ ಸಂದೇಶ ಓದುವ ಕೆಲಸವೇನಿದೆ ಎಂದು ಕೇಳಿಕೊಂಡರೆ ಯಾವುದನ್ನು ತೆಗೆಯಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್‌ಗಳು ಕಾನೂನುಬದ್ಧವಾದವೇ, ಆದರೆ ಸಹಾಯವಾಣಿಯ ಸಿಬ್ಬಂದಿ ಎಂದು ಹೇಳಿಕೊಂಡು ಕರೆ ಮಾಡಿದವರ ಮಾತಿಗೆ ಅವನ್ನು ಹಾಕಿಕೊಂಡರೆ, ನಿಮ್ಮ ಪರದೆಯ ಮೇಲೆ ಮೂಡುವ ಒಟಿಪಿಯೂ ಪಿನ್ನೂ ಅವರಿಗೆ ಕಾಣುತ್ತವೆ. ವಾಟ್ಸ್ಆ್ಯಪ್ ವಿಡಿಯೊ ಕರೆಯಲ್ಲೂ ಪರದೆ ಹಂಚುವ ಸೌಲಭ್ಯವಿರುವುದರಿಂದ ಪ್ರತ್ಯೇಕ ಆ್ಯಪ್ ಕೂಡ ಬೇಕಾಗುವುದಿಲ್ಲ. ವಾಟ್ಸ್ಆ್ಯಪ್‌ಗೆ 'ಎರಡು ಹಂತದ ದೃಢೀಕರಣ'ದ ಪಿನ್ ಹಾಕಿಡಿ. ನಿಮ್ಮ ಹೆಸರಿನಲ್ಲಿ ಸ್ನೇಹಿತರಿಂದ ಸಾಲ ಕೇಳುವ ವಂಚನೆಗೆ ಇದೊಂದು ತಡೆ.

ಹಂತ 3: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು

ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಸಣ್ಣ ಯಂತ್ರದ ಮೇಲೆ ಬೆರಳು ಒತ್ತಿಸಿ ಹಣ ಕೊಡುವುದನ್ನು ನೀವು ನೋಡಿರಬಹುದು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಚುಟುಕಾಗಿ ಎಇಪಿಎಸ್, ಎಂದು ಇದಕ್ಕೆ ಹೆಸರು. ಬೇಕಾಗುವುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು, ಇಷ್ಟೇ. ಕಾರ್ಡ್, ಪಿನ್, ಒಟಿಪಿ ಯಾವುದೂ ಬೇಡ. ಎಟಿಎಂ ಇಲ್ಲದ ಊರುಗಳಿಗೆ ಇದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆರಳಚ್ಚು ಪಾಸ್‌ವರ್ಡಿನಂತಲ್ಲ, ಸೋರಿದರೆ ಬದಲಾಯಿಸಲು ಬರುವುದಿಲ್ಲ. 2023ರಲ್ಲಿ ಕರ್ನಾಟಕದಲ್ಲಿ, ಆಸ್ತಿ ನೋಂದಣಿ ಮಾಡಿಸಿದ್ದ ಹಲವರು ತಮ್ಮ ಖಾತೆಗಳಿಂದ ಈ ಮಾರ್ಗದಲ್ಲಿ ಹಣ ಹೋಗಿರುವುದಾಗಿ ದೂರು ಕೊಟ್ಟರು. ನೋಂದಣಿ ಪತ್ರಗಳ ಮೇಲಿನ ಹೆಬ್ಬೆರಳ ಗುರುತು ಹಾಗೂ ಆಧಾರ್ ಸಂಖ್ಯೆಗಳನ್ನು ಬಳಸಿ ವಂಚಕರು ನಕಲಿ ಬೆರಳಚ್ಚು ತಯಾರಿಸಿದ್ದು ತನಿಖೆಗಳಲ್ಲಿ ಕಂಡುಬಂತು. ಈ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ತೆಗೆಯಬಹುದಾದ ಗರಿಷ್ಠ ಮೊತ್ತ 10,000 ರೂಪಾಯಿ. ಪಾಸ್‌ಬುಕ್‌ನಲ್ಲಿ 'ಎಇಪಿಎಸ್' ಎಂಬ ಅಕ್ಷರಗಳೊಂದಿಗೆ ನೀವು ತೆಗೆಯದ ಹಣದ ನಮೂದಿದ್ದರೆ ಸಂಶಯಪಡಿ.

ಪರಿಹಾರ ಸರಳವಾಗಿದೆ, ಉಚಿತವೂ ಹೌದು. ಆಧಾರ್ ಆ್ಯಪ್‌ನಲ್ಲಿ ಅಥವಾ 'ಮೈ ಆಧಾರ್' ಜಾಲತಾಣದಲ್ಲಿ ನೋಂದಾಯಿತ ಮೊಬೈಲ್‌ಗೆ ಬರುವ ಒಟಿಪಿ ಬಳಸಿ ಒಳಹೊಕ್ಕು, 'ಬಯೋಮೆಟ್ರಿಕ್ ಲಾಕ್' ಆಯ್ಕೆಯನ್ನು ಚಾಲೂ ಮಾಡಿ. ಆ ಬಳಿಕ ನಿಮ್ಮ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಯಾವುದನ್ನು ಯಾರು ಬಳಸಲು ಯತ್ನಿಸಿದರೂ ದೃಢೀಕರಣ ವಿಫಲವಾಗುತ್ತದೆ. ಪಡಿತರಕ್ಕೋ ಸಿಮ್ ಖರೀದಿಗೋ ಬೆರಳಚ್ಚು ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಮನೆಯ ಹಿರಿಯರು ಪಿಂಚಣಿಯನ್ನು ಬೆರಳಚ್ಚಿನ ಮೂಲಕವೇ ಪಡೆಯುತ್ತಿದ್ದರೆ, ಅವರಿಗೆ ತಿಳಿಸದೆ ಲಾಕ್ ಮಾಡಿ ತೊಂದರೆಗೆ ಈಡುಮಾಡಬೇಡಿ. ಅಂಥವರ ವಿಷಯದಲ್ಲಿ ಪಿಂಚಣಿ ಬರುವ ಖಾತೆಯಲ್ಲಿ ಹೆಚ್ಚು ಹಣ ಉಳಿಸದಿರುವುದೇ ಮೇಲು.

ಅದೇ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಗೊಂಡಿದೆ ಎಂಬ ಇತಿಹಾಸವೂ ಸಿಗುತ್ತದೆ. ನಿಮಗೆ ನೆನಪಿಲ್ಲದ ದಿನ, ನೀವು ಹೋಗದ ಕಡೆ ದೃಢೀಕರಣ ನಡೆದಿದ್ದರೆ 1947ಕ್ಕೆ ಕರೆ ಮಾಡಿ ವಿಚಾರಿಸಿ.

ಹಂತ 4: ಜೆರಾಕ್ಸ್ ಪ್ರತಿಗಳ ಶಿಸ್ತು

ಗುರುತಿನ ಕಳವು ಬಹುಪಾಲು ಕಂಪ್ಯೂಟರಿನಿಂದ ಶುರುವಾಗುವುದಲ್ಲ, ಕಾಗದದಿಂದ. ವಸತಿಗೃಹದ ಕೌಂಟರಿನಲ್ಲಿ, ಬಾಡಿಗೆ ಮನೆಯ ಕರಾರಿನಲ್ಲಿ, ಸೈಬರ್ ಕೆಫೆಯ ಡೆಸ್ಕ್‌ಟಾಪಿನಲ್ಲಿ ಬಿಟ್ಟುಬಂದ ಆಧಾರ್ ಮತ್ತು ಪ್ಯಾನ್ ಪ್ರತಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆಂದು ಯಾರೂ ಕೇಳುವುದಿಲ್ಲ. ಆಧಾರ್ ಕೇಳಿದಲ್ಲೆಲ್ಲ ಮೊದಲ ಎಂಟು ಅಂಕಿಗಳು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣಿಸುವ 'ಮಾಸ್ಕ್ಡ್ ಆಧಾರ್' ಕೊಡಿ. ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಸಂಖ್ಯೆಯನ್ನೇ ನಮೂದಿಸಬೇಕಾದ ಕಡೆ ಅದರ ಬದಲು 16 ಅಂಕಿಗಳ ವರ್ಚುವಲ್ ಐಡಿ ಕೊಡಬಹುದು. ಅದನ್ನು ಬೇಕೆಂದಾಗ ಹೊಸದಾಗಿ ಪಡೆಯಬಹುದಾದ್ದರಿಂದ ಹಳೆಯದು ಸೋರಿದರೂ ಚಿಂತೆಯಿಲ್ಲ.

ಕಾಗದದ ಪ್ರತಿಯನ್ನೇ ಕೊಡಬೇಕಾದಾಗ ಕೇವಲ ಸಹಿ ಹಾಕಿದರೆ ಸಾಲದು. ಫೋಟೊ ಮತ್ತು ಸಂಖ್ಯೆಯ ಮೇಲೆ ಹಾದುಹೋಗುವಂತೆ, ಓರೆಯಾಗಿ, "ಮನೆ ಬಾಡಿಗೆ ಕರಾರಿಗೆ ಮಾತ್ರ" ಎಂದು ಉದ್ದೇಶವನ್ನೂ, ಪಡೆದವರ ಹೆಸರನ್ನೂ, ದಿನಾಂಕವನ್ನೂ ಬರೆದು ಅದರ ಪಕ್ಕದಲ್ಲಿ ಸಹಿ ಮಾಡಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ಮತ್ತೊಂದು ಜೆರಾಕ್ಸ್ ತೆಗೆಯಲು ಕಷ್ಟವೇನಿಲ್ಲ. ಮುಖದ ಮೇಲೆ ಬರೆದದ್ದನ್ನು ಅಳಿಸುವುದು ಅಷ್ಟು ಸುಲಭವಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆಸಿದರೆ ಕಡತವನ್ನು ಅಳಿಸುವವರೆಗೆ, ಕಸದ ಬುಟ್ಟಿಯ ಫೋಲ್ಡರಿನಿಂದಲೂ ತೆಗೆಯುವವರೆಗೆ ಅಲ್ಲೇ ನಿಲ್ಲಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಹಂತ 5: ಹಣವನ್ನು ಒಂದೇ ಕಡೆ ಇಡದಿರುವುದು

ಎಲ್ಲ ಎಚ್ಚರಿಕೆಗಳ ನಡುವೆಯೂ ಒಂದು ದಿನ ಮೈಮರೆಯುವುದು ಮನುಷ್ಯಸಹಜ. ಆ ದಿನ ಎಷ್ಟು ಹೋಗಬಹುದು ಎಂಬುದನ್ನು ಮೊದಲೇ ನಿರ್ಧರಿಸಿಡುವುದು ಈ ಹಂತದ ತಿರುಳು. ಬಹುಮಂದಿ ಇದನ್ನು ಮಾಡುವುದಿಲ್ಲ, ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ.

ದಿನನಿತ್ಯದ ಯುಪಿಐ ಪಾವತಿಗೆಂದು ಒಂದು ಪ್ರತ್ಯೇಕ ಉಳಿತಾಯ ಖಾತೆ ಇರಲಿ. ಅದರಲ್ಲಿ ಎರಡು ಮೂರು ವಾರಗಳ ಖರ್ಚಿಗೆ ಸಾಲುವಷ್ಟು ಮಾತ್ರ ಹಣವಿರಲಿ. ಸಂಬಳ, ಉಳಿತಾಯ, ಠೇವಣಿಗಳಿರುವ ಮುಖ್ಯ ಖಾತೆಯನ್ನು ಯಾವ ಯುಪಿಐ ಆ್ಯಪ್‌ಗೂ ಜೋಡಿಸಬೇಡಿ, ಅದರ ಡೆಬಿಟ್ ಕಾರ್ಡನ್ನು ಅಂಗಡಿಗಳಲ್ಲಿ ಉಜ್ಜಬೇಡಿ. ಸಾಧ್ಯವಿದ್ದರೆ ಮುಖ್ಯ ಖಾತೆಗೆ ನೋಂದಾಯಿಸಿದ ಸಂಖ್ಯೆಯನ್ನು ಮನೆಯಲ್ಲೇ ಉಳಿಯುವ ಸಾದಾ ಫೋನಿನಲ್ಲಿಡಿ. ಅಲ್ಲಿ ಎಪಿಕೆ ಒತ್ತುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಆ ಸಂಖ್ಯೆಯ ರೀಚಾರ್ಜ್ ಮರೆತು ಅದು ಸ್ಥಗಿತಗೊಳ್ಳದಂತೆ ನೋಡಿಕೊಳ್ಳಬೇಕು.

ನೆಟ್ ಬ್ಯಾಂಕಿಂಗ್‌ಗೆ ಹೊಕ್ಕ ವಂಚಕರು ಉಳಿತಾಯದ ಹಣಕ್ಕಷ್ಟೇ ತೃಪ್ತರಾಗದೆ, ಅವಧಿ ಠೇವಣಿಗಳನ್ನು ಆನ್‌ಲೈನ್‌ನಲ್ಲೇ ಮುರಿದು, 'ಪೂರ್ವಾನುಮೋದಿತ' ಸಾಲವನ್ನೂ ನಿಮ್ಮ ಹೆಸರಿನಲ್ಲಿ ಎತ್ತಿ ಸಾಗಿಸುವುದುಂಟು. ಠೇವಣಿಯನ್ನು ಶಾಖೆಯಲ್ಲಿ ಮಾತ್ರ ಮುರಿಯುವಂತೆ, ಪೂರ್ವಾನುಮೋದಿತ ಸಾಲ ನಿಮಗೆ ಬೇಡವೆಂದು ಬ್ಯಾಂಕಿಗೆ ಬರೆದು ಕೊಡಲು ಸಾಧ್ಯವೇ ಎಂದು ವ್ಯವಸ್ಥಾಪಕರನ್ನು ಕೇಳಿ. ಆನ್‌ಲೈನ್ ವರ್ಗಾವಣೆಯ ದಿನದ ಮಿತಿಯನ್ನು ನಿಮ್ಮ ನಿಜವಾದ ಅಗತ್ಯಕ್ಕೆ ಇಳಿಸಿ. ಮಗಳ ಶುಲ್ಕ ಕಟ್ಟುವ ದಿನ ಏರಿಸಿ, ಮರುದಿನ ಇಳಿಸಿದರಾಯಿತು.

ಕಾರ್ಡುಗಳಿಗೆ ಸಂಬಂಧಿಸಿದಂತೆ ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದ ಆನ್‌ಲೈನ್, ವಿದೇಶಿ ಹಾಗೂ ಸೋಕಿಸಿ ಪಾವತಿಸುವ ಬಳಕೆಗಳನ್ನು ಬೇರೆ ಬೇರೆಯಾಗಿ ಆರಿಸಿಡುವ, ಮಿತಿ ಹಾಕುವ ಅವಕಾಶ ನಿಮ್ಮ ಕೈಯಲ್ಲೇ ಇದೆ. ವಿದೇಶಿ ವಹಿವಾಟನ್ನು ಆರಿಸಿಡಿ. ವಿದೇಶಿ ಜಾಲತಾಣಗಳಲ್ಲಿ ಒಟಿಪಿ ಇಲ್ಲದೆಯೇ ಕಾರ್ಡ್ ನಡೆಯುವುದುಂಟು. ಸೋಕಿಸಿ ಪಾವತಿಸುವಾಗ 5,000 ರೂಪಾಯಿಯವರೆಗೆ ಪಿನ್ ಕೇಳುವುದಿಲ್ಲವಾದ್ದರಿಂದ, ಬಳಸದವರು ಅದನ್ನೂ ಆರಿಸಿಡಬಹುದು.

ಇಮೇಲ್ ಬಗ್ಗೆ ಒಂದೇ ಮಾತು: ಉಳಿದ ಪಾಸ್‌ವರ್ಡುಗಳೆಲ್ಲ ಮರುಹೊಂದಿಕೆಯಾಗುವುದು ಅಲ್ಲಿಂದಲೇ, ಆದ್ದರಿಂದ ಅದರ ಪಾಸ್‌ವರ್ಡ್ ಬೇರೆಲ್ಲೂ ಬಳಸದ, ಉದ್ದವಾದ ಒಂದಾಗಿರಲಿ, ಎರಡು ಹಂತದ ದೃಢೀಕರಣವೂ ಇರಲಿ.

ಹಂತ 6: ಕರೆ ಬಂದಾಗ ಗುರುತಿಸುವುದು

ಬ್ಯಾಂಕುಗಳ ಅಧಿಕೃತ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಲಿಂಕ್ ಒತ್ತುವ ಬದಲು ಆ ವಿಳಾಸವನ್ನು ನೀವೇ ಟೈಪ್ ಮಾಡಿ. ಗ್ರಾಹಕ ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವುದನ್ನೇ ಬಳಸಿ. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ "ನಿಮ್ಮ ಖಾತೆ ಇಂದು ಸಂಜೆ ಬಂದಾಗುತ್ತದೆ" ಎಂದು ಯಾರಾದರೂ ಹೇಳಿದರೆ, ವಾದಿಸುತ್ತ ಕೂರದೆ ಕರೆ ಕತ್ತರಿಸಿ, ನೀವೇ ಬ್ಯಾಂಕಿಗೆ ಕರೆ ಮಾಡಿ.

ಯುಪಿಐ ಪಿನ್ ಎಂಬುದು ನಿಮ್ಮ ಖಾತೆಯಿಂದ ಹಣ ಹೊರಹೋಗಲು, ಅಥವಾ ಖಾತೆಯ ಬಾಕಿ ನೋಡಲು ಮಾತ್ರ. ಹಣ ಬರಲು ಪಿನ್ ಒತ್ತಬೇಕು, ಕ್ಯೂಆರ್ ಸ್ಕ್ಯಾನ್ ಮಾಡಬೇಕು ಎಂದರೆ ಅದು ವಂಚನೆಯೇ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದ್ದರೂ ಕ್ಯೂಆರ್ ಆಟ ನಿಂತಿಲ್ಲ.

'ಡಿಜಿಟಲ್ ಅರೆಸ್ಟ್', ಅಂದರೆ ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆಂದು ಬೆದರಿಸಿ ಹಣ ಕೀಳುವ ವಂಚನೆ. ಇಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸ್ ಸಮವಸ್ತ್ರ, ಹಿಂದೆ ಠಾಣೆಯ ಗೋಡೆ, ನ್ಯಾಯಾಲಯದ ಮೊಹರು, ನಿಮ್ಮದೇ ಆಧಾರ್ ಸಂಖ್ಯೆ, ಎಲ್ಲವೂ ವಿಡಿಯೊ ಕರೆಯಲ್ಲಿ ಕಾಣಿಸುತ್ತವೆ. ಆಧಾರ್ ಸಂಖ್ಯೆ ಅವರಿಗೆ ಸಿಕ್ಕಿದ್ದು ಹೇಗೆಂಬುದಕ್ಕೆ ನಾಲ್ಕನೆಯ ಹಂತವನ್ನು ಮತ್ತೆ ಓದಿದರೆ ಸಾಕು. ಈ ವಂಚನೆಯ ಜೀವಾಳ ಬೆದರಿಕೆಗಿಂತ ಹೆಚ್ಚಾಗಿ ಏಕಾಂತ. "ಮನೆಯವರಿಗೂ ಹೇಳಕೂಡದು, ಕ್ಯಾಮೆರಾ ಆರಿಸಕೂಡದು" ಎಂಬ ಷರತ್ತು ಬಂದ ಕೂಡಲೇ ಪಕ್ಕದ ಕೋಣೆಯಲ್ಲಿರುವವರನ್ನು ಜೋರಾಗಿ ಕರೆಯಿರಿ. ಒಬ್ಬರೇ ವಾಸಿಸುವ ಹಿರಿಯರಿಗೆ ಈ ಒಂದು ವಾಕ್ಯವನ್ನಾದರೂ ಮುಂಚಿತವಾಗಿ ಹೇಳಿಟ್ಟಿರಿ.

ಹಂತ 7: ಅಡಗಿ ನಡೆಯುವುದನ್ನು ಪತ್ತೆಹಚ್ಚುವುದು

ಖಾತೆಯಿಂದ ಹಣ ಹೋದರೆ ಅಂದೇ ತಿಳಿಯುತ್ತದೆ, ಆದರೆ ನಿಮ್ಮ ಪ್ಯಾನ್ ಬಳಸಿ ಬೇರೆಯವರು ಪಡೆದ ಸಾಲ ವಸೂಲಿಗಾರರು ಬಾಗಿಲು ತಟ್ಟುವವರೆಗೂ ತಿಳಿಯದೆ ಹೋಗಬಹುದು. ನಮ್ಮ ದೇಶದ ನಾಲ್ಕು ಸಾಲಮಾಹಿತಿ ಸಂಸ್ಥೆಗಳು, ಅಂದರೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್, ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ, ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಾವಲಿರುತ್ತದೆ. ವರದಿಯಲ್ಲಿ ಅಂಕವನ್ನು ನೋಡಿ ಸಂತೋಷಪಟ್ಟು ಮುಚ್ಚಬೇಡಿ. ಸಾಲಗಳ ಪಟ್ಟಿ, ವಿಚಾರಣೆಗಳ ಪಟ್ಟಿ, ನಮೂದಾದ ವಿಳಾಸ ಮತ್ತು ಮೊಬೈಲ್ ಸಂಖ್ಯೆಗಳನ್ನು ಸಾಲುಸಾಲಾಗಿ ಓದಿ. ನೀವು ಕೇಳದ ಸಾಲದ ವಿಚಾರಣೆ ಕಾಣಿಸುವುದೇ ಮೊದಲ ಸುಳಿವು. ತಪ್ಪು ನಮೂದಿನ ಬಗ್ಗೆ ಕೊಟ್ಟ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯುವ ಹಕ್ಕು ನಿಮಗಿದೆ.

ಆದಾಯ ತೆರಿಗೆ ಪೋರ್ಟಲ್‌ನಲ್ಲಿರುವ ವಾರ್ಷಿಕ ಮಾಹಿತಿ ವಿವರಪಟ್ಟಿಯನ್ನೂ ವರ್ಷಕ್ಕೊಮ್ಮೆ ತೆರೆಯಿರಿ. ನಿಮಗೆ ಗೊತ್ತಿಲ್ಲದ ಬ್ಯಾಂಕಿನಿಂದ ಬಡ್ಡಿ, ನೀವು ಕೆಲಸ ಮಾಡದ ಕಂಪನಿಯಿಂದ ಸಂಬಳ ಅಲ್ಲಿ ಕಂಡರೆ, ಪ್ಯಾನ್ ಬೇರೆಯವರ ಕೈಯಲ್ಲಿದೆ ಎಂದರ್ಥ. ಬ್ಯಾಂಕ್ ವಿವರಪಟ್ಟಿಯಲ್ಲಿ ಒಂದೆರಡು ರೂಪಾಯಿಯ ಅಪರಿಚಿತ ಕಡಿತವನ್ನೂ ಉಪೇಕ್ಷಿಸಬೇಡಿ, ದೊಡ್ಡ ಕಡಿತಕ್ಕೆ ಮುಂಚೆ ಕಾರ್ಡ್ ನಡೆಯುತ್ತದೆಯೇ ಎಂದು ಹೀಗೆ ಪರೀಕ್ಷಿಸುವುದುಂಟು.

ಹಂತ 8: ಹಣ ಹೋದ ಮೇಲಿನ ಮೊದಲ ಗಂಟೆ

ವಂಚಕರ ಮೊದಲ ಖಾತೆಗೆ ಹೋದ ಹಣ ಅಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಿಗೆ ಚೂರುಚೂರಾಗಿ ಹರಿದು, ಕೊನೆಗೆ ಎಟಿಎಂನಿಂದ ನಗದಾಗಿ ಹೊರಬೀಳುತ್ತದೆ. ಆ ಹರಿವನ್ನು ನಡುದಾರಿಯಲ್ಲಿ ತಡೆಯುವುದಕ್ಕೇ 1930 ಸಹಾಯವಾಣಿ ಇರುವುದು. ಕೇಂದ್ರ ಗೃಹ ಸಚಿವಾಲಯದ ಈ ವ್ಯವಸ್ಥೆಯಲ್ಲಿ ಪೊಲೀಸರೂ ಬ್ಯಾಂಕುಗಳೂ ಒಂದೇ ಜಾಲದಲ್ಲಿರುವುದರಿಂದ, ದೂರು ದಾಖಲಾದೊಡನೆ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗಿ, ಉಳಿದಿರುವ ಮೊತ್ತವನ್ನು ತಡೆಹಿಡಿಯಲಾಗುತ್ತದೆ. ಆದ್ದರಿಂದ ಠಾಣೆಗೆ ಓಡುವ ಮೊದಲು, ಮನೆಯವರಿಗೆ ಹೇಳುವುದು ಹೇಗೆಂದು ಯೋಚಿಸುವ ಮೊದಲು, 1930ಕ್ಕೆ ಕರೆ ಮಾಡಿ. ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ, ವಹಿವಾಟಿನ ಯುಟಿಆರ್ (ಉಲ್ಲೇಖ) ಸಂಖ್ಯೆ ಕೈಯಲ್ಲಿರಲಿ. ಸಾಲು ಸಿಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ನೇರವಾಗಿ ದೂರು ದಾಖಲಿಸಿ.

ಜೊತೆಯಲ್ಲಿದ್ದವರು ಅದೇ ಹೊತ್ತಿಗೆ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಲಿ. ಸಂಶಯದ ಆ್ಯಪ್ ಹಾಕಿದ್ದಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆರಿಸಿ. ಮೆಮೊರಿ ಅಳಿಸಬೇಡಿ, ಸಂದೇಶಗಳನ್ನು ತೆಗೆಯಬೇಡಿ, ಅವು ಸಾಕ್ಷ್ಯ. ನಂತರ ಸ್ಕ್ರೀನ್‌ಶಾಟ್‌ಗಳು, ವಿವರಪಟ್ಟಿ, 1930ರ ಸ್ವೀಕೃತಿ ಸಂಖ್ಯೆಗಳೊಂದಿಗೆ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್ ದಾಖಲಿಸಿ. ಬೇರೆಯವರ ಗುರುತಿನ ಅಂಶಗಳನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಡಿ ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೊಬ್ಬರ ಸೋಗಿನಲ್ಲಿ ಮೋಸ ಮಾಡುವುದಕ್ಕೆ 66ಡಿ ಕಲಮಿದೆ.

ಬ್ಯಾಂಕಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾಗದೆ, ಲಿಖಿತವಾಗಿ ಕೊಟ್ಟು ಮೊಹರು ಹಾಕಿದ ಪ್ರತಿಯನ್ನು ಪಡೆಯಿರಿ. ಇದಕ್ಕೆ ಕಾರಣ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ವ್ಯವಸ್ಥೆಯ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲ ಎಂದು ಅದು ಹೇಳಿತು. ನಾಲ್ಕರಿಂದ ಏಳು ಕೆಲಸದ ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆದಾರರ ಹೊಣೆಯನ್ನು 10,000 ರೂಪಾಯಿಗೆ ಸೀಮಿತಗೊಳಿಸಿತು. ಲೋಪ ಬ್ಯಾಂಕಿನದೇ ಆಗಿದ್ದರೆ ನೀವು ತಿಳಿಸಿದರೂ ತಿಳಿಸದಿದ್ದರೂ ಹೊಣೆ ನಿಮ್ಮದಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕ್ ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನ ಮೇಲಿದೆ. ಆದರೆ ಪಿನ್ನನ್ನೋ ಒಟಿಪಿಯನ್ನೋ ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ತಪ್ಪು ಮಾಡಿದವರಿಗೂ ಬೇಗ ತಿಳಿಸುವುದರಿಂದ ಲಾಭವಿದೆ ಎಂಬುದು ಇದರ ಅರ್ಥ. ಇಂದಿನ ಪರಿಷ್ಕೃತ ಷರತ್ತುಗಳಿಗಾಗಿ ನಿಮ್ಮ ಬ್ಯಾಂಕಿನ ಜಾಲತಾಣದಲ್ಲಿರುವ ಗ್ರಾಹಕ ಪರಿಹಾರ ನೀತಿಯನ್ನು ತೆಗೆದು ನೋಡಿ, ದೂರಿನಲ್ಲಿ ಅದನ್ನೇ ಉಲ್ಲೇಖಿಸಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ತಡೆಹಿಡಿದ ಹಣ ತಾನಾಗಿ ಹಿಂದಿರುಗುತ್ತದೆಂದು ಕಾಯುತ್ತ ಕೂರಬೇಡಿ. ಎಷ್ಟು ಮೊತ್ತ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂಬುದನ್ನು ತನಿಖಾಧಿಕಾರಿಯಿಂದ ತಿಳಿದು, ಅದನ್ನು ಬಿಡುಗಡೆ ಮಾಡಿಸಲು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕೇ ಎಂದು ಅವರನ್ನೇ ಕೇಳಿ. ಈ ನಡುವೆ "ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಯ ಶುಲ್ಕ ಕಟ್ಟಿ" ಎಂದು ಸೈಬರ್ ಪೊಲೀಸರ ಹೆಸರಿನಲ್ಲಿ, ಕೆಲವೊಮ್ಮೆ ನಿಮ್ಮ ದೂರಿನ ವಿವರಗಳನ್ನೇ ಹೇಳಿ, ಕರೆ ಬರಬಹುದು. ಒಮ್ಮೆ ಮೋಸಹೋದವರ ಪಟ್ಟಿ ವಂಚಕರ ನಡುವೆ ಮಾರಾಟವಾಗುತ್ತದೆ. ದೂರು ದಾಖಲಿಸಿದ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಎಫ್‌ಐಆರ್ ಪ್ರತಿಯ ಮೇಲೆ ಅಂದೇ ಬರೆದಿಟ್ಟುಕೊಂಡು, ಹಣದ ಮಾತು ಯಾರೇ ಎತ್ತಿದರೂ ಆ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ.